ಸ್ಕೂಟರಿನ ಪ್ರಶಸ್ತಿಯೂ ಪಾಳಿಯೂ

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿಯ ಗುಡಿಯ ಗೋಡೆಯ ಮೇಲೆ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಬರೆಯಿಸಿದ ಶಾಸನವು ಇಮ್ಮಡಿ ಪುಲಕೇಶಿಯ ಪ್ರಶಸ್ತಿಯೆಂಬುದು ವಾಚಕರಿಗೆಲ್ಲ ತಿಳಿದ ಮಾತು. ಪ್ರಶಸ್ತಿಯೆಂದ ಮೇಲೆ ಹೊಗಳಿಕೆಯೇ ಸರಿ; ದೊರೆಯ ಕುಂದುಕೊರತೆಗಳನ್ನು ಅಲ್ಲಿ ಹುಡುಕಿ ಫಲವಿಲ್ಲ. ಆದರೂ ಇತಿಹಾಸಕಾರರು ಅದನ್ನು ಬರಿಯ ಮುಖಸ್ತುತಿಯೆಂದು ಬದಿಗೊತ್ತಲಿಲ್ಲ. ಕವಿಯು ತನ್ನ ಹಿರಿಮೆಯನ್ನು ಹೇಳಿಕೊಳ್ಳುವ ಭರದಲ್ಲಿ ಕಾಳಿದಾಸ ಭಾರವಿಯರ ಹೆಸರನ್ನೆತ್ತಿದುದರಿಂದ ಆ ಇಬ್ಬರ ಕಾಲಕ್ಕೆ ಒಂದು ಎಲ್ಲೆಕಟ್ಟು ದೊರೆಯಿತು. ಹೊಗಳುವವನು ತಾನು ಹೇಳಬೇಕೆಂದುದನ್ನಲ್ಲದೆ, ಹೇಳಬೇಕೆಂದಿರದುದನ್ನೂ ಹೇಳಿಬಿಡುವನೆಂಬುದಕ್ಕೆ ಇದೊಂದು ನಿದರ್ಶನ.

ಜಾಹೀರಾತೆಂಬುದು ಸರಕಿನ ಪ್ರಶಸ್ತಿ. ಕಲ್ಲಿನ ಪ್ರಶಸ್ತಿಯನ್ನು ಓದಿದ ರೀತಿಯಲ್ಲಿಯೇ ಇದನ್ನೂ ಓದಬಹುದು. ಆದರೆ ನಮ್ಮ ನಾಡಿನಲ್ಲಿ ಸ್ಕೂಟರೆಂಬ ವಾಹನದ ಪ್ರಶಸ್ತಿಯನ್ನು ಓದಹೊರಟವರಿಗೆ ಒಂದು ವಿಚಿತ್ರವು ಎದುರಾಗುತ್ತದೆ. ಆ ವಾಹನವನ್ನು ಜನರು ಅತ್ಯಂತ ಆಸೆಯಿಂದ ಬಯಸಿದ ಕಾಲದಲ್ಲಿ ಅದಕ್ಕೆ ಹೊಗಳುಭಟರ ಅಗತ್ಯವೇ ಇರಲಿಲ್ಲ. ಹೊಗಳಿಕೆಯು ಹಾಡಾಗಿ ಮನೆಮನೆಯನ್ನು ಮುಟ್ಟಿದ ಹೊತ್ತಿಗೆ ಆ ಬಯಕೆಯು ಬೇರೆಡೆಗೆ ತಿರುಗತೊಡಗಿತ್ತು. ಆದುದರಿಂದ ಭಾರತದ ಸ್ಕೂಟರಿನ ಚರಿತ್ರೆಯನ್ನು ಬಣ್ಣದ ಚಿತ್ರಪಟಗಳಲ್ಲಿ ಹುಡುಕುವುದಕ್ಕಿಂತ ಹಳೆಯ ರಸೀತಿಗಳಲ್ಲಿ ಹುಡುಕುವುದು ಮೇಲು.

ಈ ವಾಹನದ ತವರಾದ ಇಟಲಿಯಲ್ಲಿ ಸಂಗತಿಯು ತೀರ ಬೇರೆಯಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಪೊಂತೆದೇರಾ ಎಂಬ ಊರಿನಲ್ಲಿದ್ದ ಪಿಯಾಜಿಯೋ ಮನೆತನದ ವಿಮಾನದ ಕಾರಖಾನೆಯು ಬಾಂಬುಗಳಿಗೆ ತುತ್ತಾಯಿತು. ಯುದ್ಧವು ಮುಗಿದ ಬಳಿಕ ವಿಮಾನಗಳನ್ನು ಕೊಳ್ಳುವವರಿಲ್ಲ. ಊರ ಹಾದಿಗಳು ಹಾಳಾಗಿದ್ದುವು. ಜನರ ಕೈಯಲ್ಲಿ ಹಣವಿರಲಿಲ್ಲ. ಎನ್ರಿಕೋ ಪಿಯಾಜಿಯೋ ಎಂಬಾತನು ಅಗ್ಗದ ವಾಹನವೊಂದನ್ನು ಮಾಡಿಸಲು ನಿಶ್ಚಯಿಸಿ, ಹೆಲಿಕಾಪ್ಟರುಗಳನ್ನು ರಚಿಸಿದ್ದ ಕೊರಾದೀನೋ ದಸ್ಕಾನಿಯೋ ಎಂಬ ಯಂತ್ರಶಿಲ್ಪಿಗೆ ಆ ಕೆಲಸವನ್ನು ಒಪ್ಪಿಸಿದನು. ಈ ಯಂತ್ರಶಿಲ್ಪಿಗೆ ಮೋಟರ್‌ಸೈಕಲ್ಲೆಂದರೆ ಆಗದು. ಬಟ್ಟೆಗೆ ಎಣ್ಣೆ ಹತ್ತುತ್ತದೆ, ಕಾಲೆತ್ತಿ ಹತ್ತಬೇಕು, ಗಾಲಿ ಪಂಕ್ಚರಾದರೆ ಬಿಚ್ಚುವುದು ಕಷ್ಟವೆಂಬುದು ಆತನ ಆಕ್ಷೇಪ. ಆತನು ಯಂತ್ರವನ್ನು ಹಿಂದಿನ ಗಾಲಿಯ ಬದಿಗೆ ಒಯ್ದು ತಗಡಿನಿಂದ ಮುಚ್ಚಿದನು; ಮುಂದೆ ಕಾಲಿಗೆ ಮರೆಯಾಗಿ ಒಂದು ಗುರಾಣಿಯನ್ನಿಟ್ಟನು; ನಡುವೆ ಕಾಲಿಡುವ ಹಲಗೆಯನ್ನು ಬಯಲುಬಿಟ್ಟನು; ವಿಮಾನದ ಗಾಲಿಯಂತೆ ಮುಂದಿನ ಗಾಲಿಯನ್ನು ಒಂದೇ ಬದಿಯಿಂದ ಹಿಡಿಸಿದನು. 1946ನೆಯ ಏಪ್ರಿಲ್ 23ರಂದು ಇದಕ್ಕೆ ಹಕ್ಕುಪತ್ರವನ್ನು ಕೋರಲಾಯಿತು. ನಡು ಸಣ್ಣಗಾಗಿ ಗುಂಯ್ಗುಡುತ್ತಿದ್ದುದರಿಂದ ಇದಕ್ಕೆ ವೆಸ್ಪಾ, ಅಂದರೆ ಕಣಜ, ಎಂದು ಹೆಸರಾಯಿತು. ಮರುವರ್ಷವೇ ಮಿಲಾನಿನ ಇನ್ನೊಚೆಂತಿಯ ಕಾರಖಾನೆಯಿಂದ ಲ್ಯಾಂಬ್ರೆಟಾ ಹೊರಬಂದಿತು.

ಎರಡು ಸರಕುಗಳು ಒಂದೇ ಪೇಟೆಯಲ್ಲಿ ನಿಂತುದರಿಂದ ಪ್ರಶಸ್ತಿಕಾರರಿಗೆ ಕೈತುಂಬ ಕೆಲಸ ಸಿಕ್ಕಿತು. ಗೋಡೆಗೆ ಹಚ್ಚುವ ದೊಡ್ಡ ಚಿತ್ರಗಳು, ಚೆಲುವೆಯರು ಸವಾರಿಮಾಡುವ ವರ್ಷವರ್ಷದ ಕ್ಯಾಲೆಂಡರುಗಳು, ಅಂಗಡಿಯ ಮುಂದೆ ತೂಗುವ ಎನ್ಯಾಮಲ್ ಫಲಕಗಳು, ಕೀಲಿಕೈಯ ಗೊಂಚಲುಗಳು, ಮಕ್ಕಳ ಆಟಿಕೆಗಳು, ಸವಾರರ ಸಂಘಗಳ ಪದಕಗಳು ಹೀಗೆ ಒಂದೊಂದೂ ಹೊರಟುವು. 1953ರಲ್ಲಿ 'ರೋಮನ್ ಹಾಲಿಡೇ' ಎಂಬ ಚಲನಚಿತ್ರದಲ್ಲಿ ಆಡ್ರಿ ಹೆಪ್‌ಬರ್ನಳೂ ಗ್ರೆಗರಿ ಪೆಕ್ಕನೂ ವೆಸ್ಪಾದ ಮೇಲೆ ರೋಮಿನ ಬೀದಿಗಳಲ್ಲಿ ತಿರುಗಿದುದು ಎಲ್ಲ ಜಾಹೀರಾತುಗಳನ್ನೂ ಮೀರಿಸಿದ ಜಾಹೀರಾತಾಯಿತು. ಅಲ್ಲಿಯ ಕೊಳ್ಳುವವನನ್ನು ಒಲಿಸಬೇಕಾಗಿತ್ತು. ಆತನು ಮುನಿದರೆ ಎದುರಿನ ಅಂಗಡಿಗೆ ಹೋಗುವನೆಂಬ ಭಯವು ಆ ಚಿತ್ರಗಳ ಬಣ್ಣಬಣ್ಣದಲ್ಲಿಯೂ ಕಾಣುತ್ತದೆ. ಇಂದು ಪೊಂತೆದೇರಾದಲ್ಲಿ ಆ ಕಾಗದಪತ್ರಗಳಿಗೂ ಚಿತ್ರಗಳಿಗೂ ಒಂದು ಸಂಗ್ರಹಾಲಯವೇ ಇದೆ. ಅದು 2000ನೆಯ ವರ್ಷದಲ್ಲಿ ತೆರೆಯಿತು.

ಭಾರತಕ್ಕೆ ಈ ವಾಹನಗಳು ಮುಂಬಯಿಯ ಬಾಗಿಲಿನಿಂದ ಬಂದುವು. ಬಚ್ಛರಾಜ ಟ್ರೇಡಿಂಗ್ ಕಾರ್ಪೊರೇಶನ್ನು 1948ರಿಂದ ಎರಡು ಮೂರು ಗಾಲಿಗಳ ವಾಹನಗಳನ್ನು ಹೊರನಾಡಿನಿಂದ ತರಿಸಿ ಮಾರತೊಡಗಿತು. ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆಯು 1950ರ ದಶಕದಲ್ಲಿ ಲ್ಯಾಂಬ್ರೆಟಾವನ್ನು ಇಲ್ಲಿಯೇ ಜೋಡಿಸತೊಡಗಿತು. ಬಚ್ಛರಾಜ ಸಂಸ್ಥೆಯೇ 1960ರಲ್ಲಿ ಬಜಾಜ್ ಆಟೋ ಎಂಬ ಹೆಸರನ್ನು ತಳೆದು, ಪುಣೆಯ ಬಳಿಯ ಆಕುರ್ಡಿಯಲ್ಲಿ ವೆಸ್ಪಾವನ್ನು ತಯಾರಿಸಲು ಮೊದಲು ಮಾಡಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳೆಲ್ಲ 1956ನೆಯ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯೊಳಗೇ ಇದ್ದುವೆಂಬುದನ್ನು ಇಲ್ಲಿ ನೆನೆಯಬೇಕು. ಈ ಪೇಟೆಗಳಿಗೆ ಹೊಸ ಸರಕು, ಹೊಸ ಚಿತ್ರಪಟ, ಹೊಸ ಹಾಡು ಎಲ್ಲವೂ ಬೆಂಗಳೂರಿಗಿಂತ ಮೊದಲು ಮುಂಬಯಿ ಪುಣೆಗಳ ಕಡೆಯಿಂದಲೇ ಬರುವುದು ರೂಢಿಯಾಗಿದ್ದಿತು. ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣವೂ ಯಾವ ದಾರಿಯಿಂದ ಮಹಾರಾಷ್ಟ್ರದ ಮನೆಗಳಿಗೆ ಹೋಗುತ್ತಿದ್ದುವೋ, ಆ ದಾರಿಯಿಂದಲೇ ಯಂತ್ರದ ಸರಕುಗಳು ಇತ್ತ ಬಂದುವು.

ಆದರೆ ಬರುವ ಸರಕಿಗೂ ಬಯಸುವ ಜನಕ್ಕೂ ತಾಳೆಯೇ ಇರಲಿಲ್ಲ. ಎಷ್ಟು ವಾಹನಗಳನ್ನು ಮಾಡಬೇಕೆಂಬುದನ್ನು ಸರಕಾರದ ಪರವಾನಿಗೆಯು ಗೊತ್ತುಪಡಿಸುತ್ತಿದ್ದಿತು. ಅದಕ್ಕಿಂತ ಹೆಚ್ಚು ಮಾಡುವುದು ಕಾರಖಾನೆಯ ಒಡೆಯನಿಗೆ ಪುಣ್ಯವಾಗುವುದಿರಲಿ, ಅಪರಾಧವಾಗುತ್ತಿದ್ದಿತು. 1960ರಲ್ಲಿಯೇ ಸ್ಕೂಟರುಗಳ ಹಂಚಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕೇಂದ್ರಸರಕಾರದ ಆಜ್ಞೆಯು ಹೊರಟಿತು. ಕೊಳ್ಳಬೇಕೆಂದವನು ಅರ್ಜಿಯನ್ನು ಹಾಕಿ, ಠೇವಣಿಯನ್ನು ಇರಿಸಿ, ಪಟ್ಟಿಯಲ್ಲಿ ತನ್ನ ಕ್ರಮಸಂಖ್ಯೆಯು ಮೇಲೇರುವುದನ್ನು ಕಾಯಬೇಕಾಯಿತು. 1972ರಲ್ಲಿ ಬಜಾಜರ ಚೇತಕ್ ಬಂದ ಮೇಲಂತೂ ಈ ಕಾಯುವಿಕೆಯು ಕೆಲವೆಡೆ ಹತ್ತು ವರ್ಷಗಳವರೆಗೂ ಬೆಳೆಯಿತು. ಹೊರನಾಡಿನ ನಾಣ್ಯದಲ್ಲಿ ಬೆಲೆಯನ್ನು ತೆತ್ತವರಿಗೆ ಪಾಳಿಯಿಲ್ಲದೆ ವಾಹನ ದೊರೆಯುತ್ತಿದ್ದುದರಿಂದ, ದೂರದೇಶದಲ್ಲಿದ್ದ ನೆಂಟನೊಬ್ಬನು ಮನೆತನಕ್ಕೆ ಮತ್ತಷ್ಟು ಬೇಕಾದವನಾದನು.

ಹೀಗಿರಲು ಜಾಹೀರಾತು ಯಾರಿಗೆ ಬೇಕು? ಹತ್ತು ವರ್ಷದ ಸರಕನ್ನು ಮುಂದಾಗಿಯೇ ಮಾರಿಕೊಂಡವನು ಗಿರಾಕಿಯನ್ನು ಕೂಗಿ ಕರೆಯುವುದು ಜಾತ್ರೆಯ ಗದ್ದಲದಲ್ಲಿ ಡಂಗುರ ಸಾರಿದಂತೆ. ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟಣೆಗಳು ಬರಲೇ ಇಲ್ಲವೆಂದಲ್ಲ, ಬಂದುವು. ಬಜಾಜನ್ನು ಮೀರಿಸಲಾಗದೆಂಬ ಅರ್ಥದ ಇಂಗ್ಲಿಷ್ ವಾಕ್ಯವು ಬಹು ಪ್ರಸಿದ್ಧವಾಗಿದ್ದಿತು. ಆದರೆ ಮೀರಿಸಲು ಎದುರಾಳಿಗಳೇ ವಿರಳವಾಗಿದ್ದ ಕಾಲದಲ್ಲಿ ಅಂತಹ ಮಾತನ್ನು ಆಡಲು ಹೆಚ್ಚಿನ ಧೈರ್ಯವೇನೂ ಬೇಕಿರಲಿಲ್ಲ.

ನಿಜವಾದ ಪ್ರಶಸ್ತಿಪತ್ರವು ಬೇರೆಯೇ ಇದ್ದಿತು. ಅದು ವಿತರಕನು ಕೊಟ್ಟ ಠೇವಣಿಯ ರಸೀತಿ. ಪಾಳಿ ಬಂದಾಗ ಅಂಚೆಯವನು ತಂದ ಹಂಚಿಕೆಯ ಪತ್ರ. ಅವುಗಳಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಸವಿಮಾತಿಲ್ಲ. ಒಂದು ಸಂಖ್ಯೆ, ಒಂದು ತಾರೀಖು, ಒಂದು ರುಜು. ಆದರೂ ಯಾವ ಬಣ್ಣದ ಕ್ಯಾಲೆಂಡರಿಗೂ ದೊರೆಯದ ಮನ್ನಣೆಯು ಅವಕ್ಕೆ ದೊರೆಯಿತು. ಹೊಲದ ಕಾಗದಗಳೊಡನೆ, ಮಕ್ಕಳ ಜಾತಕಗಳೊಡನೆ ಅವು ಟ್ರಂಕಿನ ತಳದಲ್ಲಿ ಸ್ಥಾನವನ್ನು ಪಡೆದುವು. ಪಾಳಿಯ ಸಂಖ್ಯೆಗೇ ಬೆಲೆ ಬಂದುದರಿಂದ, ವಾಹನವನ್ನು ಮನೆಗೆ ತಾರದೆಯೇ ಹೆಚ್ಚಿನ ಹಣಕ್ಕೆ ಬೇರೆಯವರಿಗೆ ದಾಟಿಸುವ ಕಾಳಸಂತೆಯೂ ಬೆಳೆಯಿತು.

ಈ ರಸೀತಿಗಳ ಚರಿತ್ರೆಯಲ್ಲಿ ಕಹಿಯಾದ ಪುಟವೊಂದಿದೆ. ಅದನ್ನು ಮರೆಮಾಚುವುದು ಸಲ್ಲದು. 1961ರಲ್ಲಿ ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆಯು ಬಂದಿದ್ದರೂ, ನೌಕರಿಯ ವರನಿಗೆ ಉಂಗುರದ ಜೊತೆಗೆ ಸ್ಕೂಟರನ್ನೂ ಕೇಳುವ ಪದ್ಧತಿಯು ನಗರಗಳಿಂದ ಸಣ್ಣ ಪೇಟೆಗಳಿಗೂ ಹಬ್ಬಿತು. ಹಣವಿದ್ದರೂ ಕೂಡಲೆ ಸಿಗದ ಸರಕಾದುದರಿಂದ ಹೆಣ್ಣುಹೆತ್ತವರ ಚಿಂತೆಯು ಇಮ್ಮಡಿಯಾಯಿತು. ಮಗಳು ಇನ್ನೂ ಶಾಲೆಗೆ ಹೋಗುತ್ತಿರುವಾಗಲೇ ತಂದೆಯು ಸ್ಕೂಟರಿಗಾಗಿ ಹೆಸರನ್ನು ನೋಂದಿಸಿಟ್ಟನೆಂಬ ಮಾತು ಆ ಕಾಲದವರಿಗೆ ನಗೆಚಾಟಿಕೆಯಾಗಿ ತೋರುತ್ತಿರಲಿಲ್ಲ. ಇಂದಿನ ಸಂಗ್ರಾಹಕರು ಹಳೆಯ ಚಿತ್ರಪಟಗಳನ್ನು ಚೌಕಟ್ಟು ಹಾಕಿ ತೂಗಿಸುವಾಗ ಈ ಬಡ ರಸೀತಿಯನ್ನು ಲೆಕ್ಕಿಸದಿರುವುದು ಸಹಜವಾದರೂ, ಒಂದು ಸಂಸಾರದ ಭಯ ಭರವಸೆಗಳು ಅದರಲ್ಲಿರುವಷ್ಟು ಚಿತ್ರಪಟದಲ್ಲಿಲ್ಲ.

ಬೇಡಿಕೆಯನ್ನು ಕಂಡು ಸರಕಾರಗಳೇ ಸ್ಕೂಟರಿನ ವ್ಯಾಪಾರಕ್ಕೆ ಇಳಿದುವು. ಇನ್ನೊಚೆಂತಿಯ ಲ್ಯಾಂಬ್ರೆಟಾ ಯಂತ್ರಸಾಮಗ್ರಿಯನ್ನೂ ಹೆಸರಿನ ಹಕ್ಕನ್ನೂ ಕೊಂಡು 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಕೇಂದ್ರಸರಕಾರದ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ವಾಹನಕ್ಕೆ ನಾಡಿನೊಳಗೆ ವಿಜಯ್ ಎಂದು ಹೆಸರು. ಅದರ ಬಿಡಿಭಾಗಗಳನ್ನು ತರಿಸಿಕೊಂಡು ರಾಜ್ಯಗಳು ತಮ್ಮ ತಮ್ಮ ಹೆಸರಿನಲ್ಲಿ ಜೋಡಿಸಿದುವು: ಆಂಧ್ರದಲ್ಲಿ ಪುಷ್ಪಕ, ಪಂಜಾಬಿನಲ್ಲಿ ಕೇಸರಿ, ಗುಜರಾತದಲ್ಲಿ ಗಿರ್ನಾರ್, ಕರ್ನಾಟಕದಲ್ಲಿ ಫಾಲ್ಕನ್. ಒಬ್ಬರು ರಾಮಾಯಣದ ವಿಮಾನವನ್ನೂ ಮತ್ತೊಬ್ಬರು ತಮ್ಮ ಪುಣ್ಯಗಿರಿಯನ್ನೂ ನೆನೆದಿರಲು, ಗಂಡಭೇರುಂಡದ ನಾಡಿನವರು ಇಂಗ್ಲಿಷ್ ಹಕ್ಕಿಯೊಂದನ್ನು ಹಿಡಿದು ತಂದುದೇಕೆಂಬುದು ವಿಚಾರಿಸತಕ್ಕ ಸಂಗತಿ. ಇವುಗಳ ಮೊದಲು ಬಜಾಜರು ರಾಣಾ ಪ್ರತಾಪನ ಕುದುರೆಯಾದ ಚೇತಕನ ಹೆಸರನ್ನು ಆರಿಸಿದ್ದುದು ಬರಿಯ ಅಲಂಕಾರವಾಗಿರಲಿಲ್ಲ. ಪಿಯಾಜಿಯೋದೊಡನೆಯ ಒಪ್ಪಂದವು 1971ರಲ್ಲಿ ಮುಗಿದುದರಿಂದ ವೆಸ್ಪಾ ಎಂಬ ಹೆಸರನ್ನು ಬಿಡಬೇಕಾಗಿದ್ದಿತು. ಒಡಲು ಇಟಲಿಯದೇ, ಹೆಸರು ಮೇವಾಡದ್ದು. ಒಡೆಯನಿಗಾಗಿ ಪ್ರಾಣವನ್ನು ಕೊಟ್ಟ ಕುದುರೆಯ ಕತೆಯನ್ನು ಪಾಠಪುಸ್ತಕದಲ್ಲಿ ಓದಿದ್ದವರಿಗೆ ಆ ಒಂದು ಮಾತೇ ಪೂರ್ಣ ಜಾಹೀರಾತಾಯಿತು. ಫಾಲ್ಕನ್ನಿಗೆ ಅಂತಹ ಕತೆಯಿರಲಿಲ್ಲ. ಅದು ಬಂದುದೂ ಹೋದುದೂ ಇಂದು ಬಹಳ ಮಂದಿ ಕನ್ನಡಿಗರ ನೆನಪಿನಲ್ಲಿಯೇ ಇಲ್ಲ.

ಈ ವಾಹನವು ನಮ್ಮ ಕಡೆಯ ಬಾಳಿಗೆ ಹೊಂದಿಕೊಂಡ ಬಗೆಯನ್ನು ಇಟಲಿಯ ಚಿತ್ರಕಾರರು ಊಹಿಸಿರಲಾರರು. ಅವರು ಕಾಲಿಡುವ ಹಲಗೆಯನ್ನು ಬಯಲು ಬಿಟ್ಟುದು ಲಂಗದ ಹೆಣ್ಣುಮಕ್ಕಳಿಗೂ ಪಾದ್ರಿಗಳಿಗೂ ಅನುಕೂಲವಾಗಲೆಂದು ಹೇಳಬಹುದು. ಇಲ್ಲಿ ಅದೇ ಹಲಗೆಯ ಮೇಲೆ ಜವಳಿಯ ಗಂಟು ಕುಳಿತಿತು, ಜೋಳದ ಚೀಲ ಕುಳಿತಿತು, ಎದುರಿನ ಗಾಳಿಗೆ ಕಣ್ಣುಕಿರಿದುಮಾಡಿ ಹಿರಿಯ ಮಗುವೂ ನಿಂತಿತು. ಇಳಕಲ್ ಸೀರೆಯುಟ್ಟ ಹೆಂಗಸು ಒಂದೇ ಬದಿಗೆ ಕಾಲಿಳಿಬಿಟ್ಟು ಹಿಂದೆ ಕುಳ್ಳಿರುವಾಗ ಅದರ ಟೋಪಿ ತೆನೆಯ ಸೆರಗು ಗಾಲಿಗೆ ಸಿಗದಿರುವುದು ಮುಖ್ಯ. ಮೋಟರ್‌ಸೈಕಲ್ಲಿನ ಗಾಲಿಯು ತೆರೆದಿರುತ್ತದೆ. ಸ್ಕೂಟರಿನದು ತಗಡಿನ ಹೊಟ್ಟೆಯೊಳಗೆ ಅಡಗಿರುತ್ತದೆ. ಹಿಂದೆ ಕುಳಿತವರ ಉಡುಪು ಗಾಲಿಗೆ ಸಿಕ್ಕದಂತೆ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆ ಮರೆಯನ್ನು ಮೋಟರ್‌ಸೈಕಲ್ಲಿಗೆ ಬೇರೆಯಾಗಿ ಹೊಂದಿಸಬೇಕು. ಸ್ಕೂಟರಿಗೆ ಅದು ಹುಟ್ಟಿನಿಂದಲೇ ಬಂದ ಗುಣ. ಹೀಗೆ ಅಪ್ಪ, ಅವ್ವ, ಎರಡು ಮಕ್ಕಳ ಸಂಸಾರವು ಒಂದೇ ವಾಹನದ ಮೇಲೆ ಬನಶಂಕರಿಯ ಜಾತ್ರೆಗೋ ಕೂಡಲಸಂಗಮಕ್ಕೋ ಹೊರಡುವ ನೋಟವೇ ಊರೂರಿಗೆ ಹೊರಟ ಜಾಹೀರಾತಾಯಿತು. ಇಟಲಿಯ ಚಿತ್ರಪಟದಲ್ಲಿ ಸ್ಕೂಟರು ಯೌವನದ ವಾಹನ. ನಮ್ಮಲ್ಲಿ ಅದು ಗೃಹಸ್ಥಾಶ್ರಮದ ವಾಹನ.

1980ರ ದಶಕದಲ್ಲಿ ಗಾಳಿಯು ತಿರುಗಿತು. ಜಪಾನಿನ ಸಂಸ್ಥೆಗಳ ಸಹಕಾರದಿಂದ ಹೊಸ ವಾಹನಗಳು ಬಂದುವು. 1984ರಲ್ಲಿ ಕೈನೆಟಿಕ್ ಹೋಂಡಾ, 1985ರಲ್ಲಿ ಹೀರೋ ಹೋಂಡಾ ಮೋಟರ್‌ಸೈಕಲ್ಲು. ಎಣ್ಣೆ ತುಂಬಿಸಿ, ಮುಚ್ಚಿ, ಮರೆತುಬಿಡಿರೆಂಬ ಆ ಮೋಟರ್‌ಸೈಕಲ್ಲಿನ ಘೋಷಣೆಯು ಪೆಟ್ರೋಲಿನ ಲೆಕ್ಕವನ್ನೇ ಮುಂದೆಮಾಡಿತು. ಪಾಳಿಯು ಕರಗತೊಡಗಿತು, ಗಿರಾಕಿಗೆ ಆಯ್ಕೆಯು ಬಂದಿತು. ಅಷ್ಟು ಹೊತ್ತಿಗೆ ದೂರದರ್ಶನವು ಸಣ್ಣ ಪೇಟೆಗಳ ಪಡಸಾಲೆಗೂ ಬಂದಿದ್ದಿತು. 1989ರಲ್ಲಿ ಅಲಿಕ್ ಪದಮ್ಸಿಯವರ ನೇತೃತ್ವದ ಲಿಂಟಾಸ್ ಸಂಸ್ಥೆಯು ಸಿದ್ಧಪಡಿಸಿದ 'ಹಮಾರಾ ಬಜಾಜ್' ಹಾಡು ಅಲ್ಲಿ ಕೇಳಿಸಿತು. ಅದು ಯಂತ್ರದ ಬಲವನ್ನಾಗಲಿ ಬೆಲೆಯನ್ನಾಗಲಿ ಮುಂದಿಡಲಿಲ್ಲ. ಬೇರೆ ಬೇರೆ ಮತಗಳ, ಪ್ರಾಂತಗಳ ಸಾಮಾನ್ಯ ಜನರು ತಮ್ಮ ಸ್ಕೂಟರುಗಳೊಡನೆ ಕಾಣಿಸಿಕೊಂಡರು. ಹಾಡು ದೇಶಾಭಿಮಾನದ ಧಾಟಿಯನ್ನು ಹಿಡಿದಿದ್ದಿತು. ಸರಕನ್ನು ಮಾರುವ ಮಾತಿಗಿಂತ ನೆಂಟಸ್ತನವನ್ನು ನೆನಪಿಸುವ ಮಾತು ಅಲ್ಲಿ ಹೆಚ್ಚು. ನೆಂಟಸ್ತನವನ್ನು ಯಾರೂ ನಿರಾತಂಕವಾಗಿರುವಾಗ ನೆನಪಿಸುವುದಿಲ್ಲ. ಜನರು ಆ ಹಾಡನ್ನು ಬಹುವಾಗಿ ಮೆಚ್ಚಿದರು, ಮಕ್ಕಳು ಬೀದಿಯಲ್ಲಿ ಹಾಡಿದರು. ಆದರೂ ಮುಂದಿನ ದಶಕದ ಕೊನೆಗೆ ಮಾರಾಟದಲ್ಲಿ ಮೋಟರ್‌ಸೈಕಲ್ಲು ಸ್ಕೂಟರನ್ನು ಹಿಂದೆಹಾಕಿತು. 2009ರಲ್ಲಿ ಬಜಾಜ್ ಸಂಸ್ಥೆಯು ಸ್ಕೂಟರುಗಳ ತಯಾರಿಕೆಯಿಂದಲೇ ಹಿಂದೆಗೆಯುವುದಾಗಿ ಸಾರಿತು. ಲಖನೌದ ಕಾರಖಾನೆಯು 1997ರಲ್ಲಿಯೇ ಸ್ಕೂಟರನ್ನು ನಿಲ್ಲಿಸಿದ್ದಿತು; 2021ರಲ್ಲಿ ಅದನ್ನು ಮುಚ್ಚಲು ಕೇಂದ್ರಸರಕಾರವು ನಿರ್ಧರಿಸಿತು.

ಇನ್ನು ಉಳಿದ ವಸ್ತುಗಳ ಮಾತು. ಎನ್ಯಾಮಲ್ ಫಲಕವೆಂದರೆ ಕಬ್ಬಿಣದ ತಗಡಿಗೆ ಗಾಜಿನ ಪುಡಿಯನ್ನು ಬಳಿದು ಕುಲುಮೆಯಲ್ಲಿ ಬೇಯಿಸಿದುದು. ಒಂದೊಂದು ಬಣ್ಣಕ್ಕೂ ಬೇರೆ ಬೇರೆಯಾಗಿ ಬೇಯಿಸಬೇಕಾದುದರಿಂದ ನಿಜವಾದ ಹಳೆಯ ಫಲಕದ ಮೇಲೆ ಬೆರಳಾಡಿಸಿದರೆ ಅಕ್ಷರಗಳ ಅಂಚು ಕೈಗೆ ತಾಗುತ್ತದೆ. ಬಿಸಿಲಿಗೆ ಅದರ ಬಣ್ಣವು ಮಾಸುವುದಿಲ್ಲ. ಮೊಳೆ ಹೊಡೆದ ತೂತಿನ ಸುತ್ತ ಗಾಜು ಚಕ್ಕೆಯೆದ್ದು ಅಲ್ಲಿಂದ ತುಕ್ಕು ಮೊದಲಾಗುತ್ತದೆ. ಇಂದು ಪೇಟೆಯಲ್ಲಿ ಮಾರುವ ಎಷ್ಟೋ 'ಹಳೆಯ' ವೆಸ್ಪಾ ಲ್ಯಾಂಬ್ರೆಟಾ ಫಲಕಗಳು ತೆಳು ತಗಡಿನ ಮೇಲೆ ಅಚ್ಚುಹಾಕಿ, ತುಕ್ಕನ್ನೂ ಬಣ್ಣದಲ್ಲಿಯೇ ಬರೆದವು. ಕ್ಯಾಲೆಂಡರಿನ ಗತಿಯು ಇನ್ನೂ ಕಷ್ಟ. ವರ್ಷ ತೀರಿದೊಡನೆ ಅದರ ಆಯುಷ್ಯವೂ ತೀರುತ್ತದೆ. ಕಲಬುರ್ಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತರಂತಹ ಕಲಾವಿದರು ಕ್ಯಾಲೆಂಡರುಗಳಿಗೆ ಬರೆದ ದೇವದೇವಿಯರು ಚೌಕಟ್ಟು ಸೇರಿ ದೇವರಕೋಣೆಯಲ್ಲಿ ಉಳಿದರು. ವಾಹನದ ಚಿತ್ರವಿದ್ದ ಹಾಳೆಗಳಿಗೆ ಆ ಭಾಗ್ಯವಿಲ್ಲ. ಅವು ಮಕ್ಕಳ ಪುಸ್ತಕಗಳಿಗೆ ಹೊದಿಕೆಯಾದುವು.

ಬಾಗಲಕೋಟೆಯಲ್ಲಿ ಈ ನಾಶಕ್ಕೆ ಮತ್ತೊಂದು ಕಾರಣವೂ ಕೂಡಿಕೊಂಡಿತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಸಮರ್ಪಿಸಿದರು. ನಡುವಣ ವರ್ಷಗಳಲ್ಲಿ ಕೃಷ್ಣೆಯ ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದು ಹಳೆಯ ಊರಿನ ತಗ್ಗಿನ ಭಾಗಗಳನ್ನು ಸೇರಿತು. ಜನರು ನವನಗರಕ್ಕೆ ಸಾಗಿದರು. ಪರಿಹಾರದ ಲೆಕ್ಕವು ಭೂಮಿಗೂ ಕಟ್ಟಡಕ್ಕೂ ಸಂಬಂಧಿಸಿದುದು. ಅಂಗಡಿಯ ನೆತ್ತಿಯ ಮೇಲೆ ನಾಲ್ಕು ದಶಕ ತೂಗಿದ ತಗಡಿನ ಫಲಕ, ಗಲ್ಲೆಯ ಕೆಳಗಿನ ಹಳೆಯ ಬಿಲ್ಲುಪುಸ್ತಕ, ಗ್ಯಾರೇಜಿನ ಗೋಡೆಯ ಮೇಲಿನ ಯಂತ್ರದ ನಕಾಶೆ ಇಂತಹವು ಯಾವ ಪಟ್ಟಿಗೂ ಸೇರುವುದಿಲ್ಲ. ಊರನ್ನು ಬಿಡುವವರು ತೊಲೆ ಬಾಗಿಲುಗಳನ್ನು ಒಯ್ಯುವರು, ದೇವರನ್ನು ಒಯ್ಯುವರು, ಪಾತ್ರೆಗಳನ್ನು ಒಯ್ಯುವರು. ತಗಡಿಗೆ ಹಳೇ ಸಾಮಾನಿನ ಗಾಡಿಯೇ ಗತಿ. ಟ್ರಂಕಿನ ತಳದ ರಸೀತಿಯು ಮಾತ್ರ ಮನೆತನದೊಡನೆ ಹೊಸ ಊರಿಗೆ ಹೋಗುವ ಸಂಭವವುಂಟು. ಅದನ್ನು ಒಯ್ದವರು ಅದೊಂದು ಚಾರಿತ್ರಿಕ ಸಾಧನವೆಂದು ಒಯ್ದಿರಲಾರರು. ಹಣ ಕೊಟ್ಟುದಕ್ಕೆ ಗುರುತಿರಲೆಂಬ ಹಳೆಯ ಅಭ್ಯಾಸದಿಂದ ಒಯ್ದಿರಬೇಕು. ಹಳೆಯ ವಾಹನಗಳನ್ನು ಕೂಡಿಸುವ ಆಸಕ್ತಿಯು ಕರ್ನಾಟಕದಲ್ಲಿ ಈಚೆಗೆ ಬೆಳೆದಿದೆ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ನೋಡಲು ಜನರು ನೆರೆಯುತ್ತಾರೆ. ತುಕ್ಕುಹಿಡಿದ ಚೇತಕ್ಕಿಗೂ ಬಣ್ಣ ಬಳಿದು ನಿಲ್ಲಿಸುವವರು ದೊರೆಯುತ್ತಾರೆ. ಅದರ ಜೊತೆಗಿದ್ದ ಕಾಗದವನ್ನು ಕೇಳುವವರು ಕಡಿಮೆ.

ಬಜಾಜ್ ಸಂಸ್ಥೆಯು 2019ರ ಅಕ್ಟೋಬರಿನಲ್ಲಿ ಚೇತಕ್ ಎಂಬ ಹೆಸರನ್ನು ಮತ್ತೆ ಹೊರತೆಗೆದು ವಿದ್ಯುತ್ತಿನಿಂದ ಓಡುವ ಸ್ಕೂಟರಿಗೆ ಇಟ್ಟಿತು. ಆ ಹೊಸ ವಾಹನಕ್ಕೂ ಹಳೆಯ ಚೇತಕ್ಕಿಗೂ ಯಂತ್ರದಲ್ಲಿ ಯಾವ ಸಂಬಂಧವೂ ಇಲ್ಲ; ಹೆಸರೊಂದೇ ಅದರ ಪ್ರಶಸ್ತಿ. 2021ರ ಏಪ್ರಿಲಿನಲ್ಲಿ ಪುಣೆ ಬೆಂಗಳೂರುಗಳಲ್ಲಿ ಇದಕ್ಕೆ ಮುಂಗಡ ನೋಂದಣಿಯನ್ನು ತೆರೆದಾಗ, ಬೇಡಿಕೆಯು ಮಿತಿಮೀರಿತೆಂದು 48 ಗಂಟೆಗಳೊಳಗೆ ಅದನ್ನು ಮುಚ್ಚಬೇಕಾಯಿತು. ಈ ಸಲ ಮುಂಗಡವು 2000 ರೂಪಾಯಿ. ಅದನ್ನು ಜಾಲತಾಣದ ಮೂಲಕವೇ ಕಟ್ಟಬೇಕಾಗಿದ್ದಿತು. ಟ್ರಂಕಿನ ತಳದಲ್ಲಿ ಇಡಲು ಯಾರ ಕೈಗೂ ಚೀಟಿಯೊಂದು ಬರಲಿಲ್ಲ.